ಫೆಬ್ರವರಿಯ ಗುಲ್ಮಾರ್ಗ್: ಇಳಿಜಾರಿನ ದಿನಚರಿ

ಚಳಿಗಾಲದಲ್ಲಿ ಗುಲ್ಮಾರ್ಗ್‌ಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬೆಳಿಗ್ಗೆ ಶ್ರೀನಗರದಿಂದ ಹೊರಟು, ಗೊಂಡೋಲ ಎಂಬ ಕೇಬಲ್ ಕಾರಿನಲ್ಲಿ ಒಮ್ಮೆ ಮೇಲೆ ಹೋಗಿ ಬಂದು, ಹಿಮದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಸಂಜೆಗೆ ಮತ್ತೆ ಶ್ರೀನಗರ ಸೇರುತ್ತಾರೆ. ಆ ಒಂದು ಹಗಲಿನಲ್ಲಿ ಅವರು ಕಾಣುವುದು ಸರದಿ ಸಾಲು, ಚೌಕಾಸಿ ಮತ್ತು ಗದ್ದಲ. ಅದೇ ಊರಿನಲ್ಲಿ ಕೆಲವು ದಿನ ಉಳಿದು, ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀ ಕಲಿಯಲು ಹೊರಟವರಿಗೆ ಕಾಣುವ ಗುಲ್ಮಾರ್ಗ್ ಬೇರೆಯೇ ಆಗಿರುತ್ತದೆ. ನಾನು, ನನ್ನ ಪತ್ನಿ ಮತ್ತು ಕಾಲೇಜಿನಲ್ಲಿ ಓದುತ್ತಿರುವ ಮಗಳು ಫೆಬ್ರವರಿಯ ಕೊನೆಯ ಭಾಗದಲ್ಲಿ ಅಲ್ಲಿ ತಂಗಿದ್ದಾಗ ಕಂಡದ್ದನ್ನು ದಿನದ ಕ್ರಮದಲ್ಲಿಯೇ ಬರೆದಿದ್ದೇನೆ.

ಶನಿವಾರ

ಶ್ರೀನಗರದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್ ದೂರ. ಎಲೆ ಉದುರಿದ ಪಾಪ್ಲರ್ ಮರಗಳ ಸಾಲು, ಬೋಳಾಗಿ ನಿಂತ ಸೇಬಿನ ತೋಟಗಳು ಮತ್ತು ತಗಡಿನ ಇಳಿಜಾರು ಮಾಡಿನ ಮನೆಗಳ ನಡುವೆ ರಸ್ತೆ ತಂಗ್‌ಮಾರ್ಗ್‌ವರೆಗೆ ಹೆಚ್ಚುಕಡಿಮೆ ಸಮತಟ್ಟಾಗಿಯೇ ಸಾಗುತ್ತದೆ. ಉಳಿದ 13 ಕಿಲೋಮೀಟರ್ ಮಾತ್ರ ಪೈನ್ ಮತ್ತು ಫರ್ ಮರಗಳ ಕಾಡಿನೊಳಗಿನ ಏರುದಾರಿ. ಹಿಮ ಬಿದ್ದ ದಿನಗಳಲ್ಲಿ ಚಕ್ರಗಳಿಗೆ ಕಬ್ಬಿಣದ ಸರಪಳಿ ಕಟ್ಟಿದ ಅಥವಾ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ವಾಹನಗಳನ್ನಷ್ಟೇ ಪೊಲೀಸರು ಮೇಲಕ್ಕೆ ಬಿಡುತ್ತಾರೆ. ಆದ್ದರಿಂದ ಶ್ರೀನಗರದ ಟ್ಯಾಕ್ಸಿಯನ್ನು ತಂಗ್‌ಮಾರ್ಗ್‌ನಲ್ಲಿ ಬಿಟ್ಟು, ಸ್ಥಳೀಯ ಸೂಮೊ ಹಿಡಿಯಬೇಕಾಗುತ್ತದೆ. ಈ ಖರ್ಚನ್ನು ಪ್ರವಾಸದ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ತಂಗ್‌ಮಾರ್ಗ್‌ನ ಚಳಿಯಲ್ಲಿ ನಿಂತು ಜಗಳವಾಡುವ ಪ್ರವಾಸಿಗರಲ್ಲಿ ಬಹುಪಾಲು ಜನ ಇದನ್ನು ತಿಳಿಯದೆ ಬಂದವರು.

ಅಲ್ಲಿಯೇ ರಸ್ತೆಯ ಎರಡೂ ಬದಿಗಳಲ್ಲಿ ಉದ್ದನೆಯ ಕೋಟು ಮತ್ತು ಗಮ್‌ಬೂಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಒಂದು ಮಧ್ಯಾಹ್ನದ ಮಟ್ಟಿಗೆ ಅವು ಸಾಕು. ಸ್ಕೀ ಕಲಿಯುವವರಿಗೆ ಮಾತ್ರ ಕೆಲಸಕ್ಕೆ ಬಾರವು, ಏಕೆಂದರೆ ದಪ್ಪ ಕೋಟಿನೊಳಗೆ ಬೆವರಿ ಒದ್ದೆಯಾದ ಮೈ, ನಿಂತ ಕ್ಷಣವೇ ತಣ್ಣಗಾಗತೊಡಗುತ್ತದೆ. ಮೈಗೆ ಅಂಟಿದಂತಿರುವ ತೆಳು ಉಣ್ಣೆಯ ಬಟ್ಟೆ, ಅದರ ಮೇಲೊಂದು ಬೆಚ್ಚನೆಯ ಅಂಗಿ, ಹೊರಗೆ ನೀರು ಮತ್ತು ಗಾಳಿ ತಡೆಯುವ ಜಾಕೆಟ್ ಎಂಬ ಮೂರು ಪದರಗಳ ವ್ಯವಸ್ಥೆಯೇ ಸರಿ. ಹತ್ತಿಯ ಬನಿಯನ್ ಮತ್ತು ಜೀನ್ಸ್ ಪ್ಯಾಂಟುಗಳನ್ನು ಪೆಟ್ಟಿಗೆಯಲ್ಲಿಯೇ ಬಿಡಬೇಕು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಕರ್ನಾಟಕದ ಪ್ರಿಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಸಂಪರ್ಕ ಇದ್ದವರ ಫೋನು ಮಾತ್ರ ನಡೆಯುತ್ತದೆ.

ಸಂಜೆಯ ಹೊತ್ತಿಗೆ ನಾವು ಮೇಲೆ ತಲುಪಿದಾಗ ಹಗಲಿನ ಜನರೆಲ್ಲ ಇಳಿದು ಹೋಗಿದ್ದರು. ಗುಲ್ಮಾರ್ಗ್ ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಏಳುನೂರು ಮೀಟರ್ ಮೇಲೆ. ಸೂಟ್‌ಕೇಸು ಹಿಡಿದು ಹೋಟೆಲಿನ ಮೆಟ್ಟಿಲು ಹತ್ತುವಾಗಲೇ ಉಸಿರು ಬಿಗಿಯಾಗುತ್ತದೆ. ನಮ್ಮ ಕೋಣೆಯ ಮೂಲೆಯಲ್ಲಿ ಸೌದೆ ಉರಿಸುವ ತಗಡಿನ ಬುಖಾರಿ ಇತ್ತು, ಹಾಸಿಗೆಯ ಕೆಳಗೆ ವಿದ್ಯುತ್ ಕಂಬಳಿ ಇತ್ತು, ನಲ್ಲಿಯಲ್ಲಿ ಮಾತ್ರ ನೀರಿರಲಿಲ್ಲ; ಕೊಳವೆ ಹೆಪ್ಪುಗಟ್ಟಿದೆಯೆಂದು ಹೇಳಿ ಬಕೆಟ್ಟಿನಲ್ಲಿ ಬಿಸಿನೀರು ತಂದುಕೊಟ್ಟರು.

ಭಾನುವಾರ

ರಜಾದಿನದ ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿಯಲು ಆರಂಭಿಸುವುದು ಬೇಡವೆಂದು ಹೋಟೆಲಿನವರು ಹೇಳಿದ್ದು ಎಷ್ಟು ಸರಿಯೆಂಬುದು ಹತ್ತು ಗಂಟೆಯ ಹೊತ್ತಿಗೆ ತಿಳಿಯಿತು. ಸೂಮೊಗಳು ಸಾಲುಸಾಲಾಗಿ ಬಂದು ಜನರನ್ನು ಇಳಿಸುತ್ತಿದ್ದವು. ಹಿಮದ ಮೇಲೆ ಜಾರುವ ಮರದ ಗಾಡಿಯಾದ ಸ್ಲೆಡ್ಜ್ ಎಳೆಯುವವರು, ಮಾರ್ಗದರ್ಶಕರು, ಫೋಟೊ ತೆಗೆಯುವವರು, ಕಾಶ್ಮೀರಿ ಚಹಾ ಕಹ್ವಾ ಮಾರುವವರು ಪ್ರತಿಯೊಬ್ಬ ಪ್ರವಾಸಿಗನನ್ನೂ ಸುತ್ತುವರಿಯುತ್ತಿದ್ದರು. ಇದನ್ನು ಕಿರಿಕಿರಿ ಎಂದು ಬರೆಯುವವರು ಬಹಳ. ಆದರೆ ಈ ಜನರಲ್ಲಿ ಅನೇಕರು ತಂಗ್‌ಮಾರ್ಗ್ ಸುತ್ತಲಿನ ಹಳ್ಳಿಗಳಿಂದ ಮುಂಜಾನೆಯೇ ಹತ್ತಿ ಬರುವವರು. ಹಿಮ ಇರುವ ಕೆಲವೇ ವಾರಗಳ ದುಡಿಮೆಯಲ್ಲಿ ಅವರ ವರ್ಷದ ಬದುಕು ನಡೆಯಬೇಕು. ಸ್ಲೆಡ್ಜ್ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ತನ್ನ ಎರಡರಷ್ಟು ತೂಕದ ಮನುಷ್ಯನನ್ನು ಏರಿನಲ್ಲಿ ಎಳೆಯುತ್ತಿದ್ದ ಒಬ್ಬ ಮುದುಕರನ್ನು ಕಂಡ ಮೇಲೆ ನನ್ನ ಪತ್ನಿ ಸ್ಲೆಡ್ಜ್ ಹತ್ತಲು ಒಪ್ಪಲಿಲ್ಲ. ಅದರ ಪಕ್ಕದಲ್ಲಿಯೇ ಹೊಗೆಯುಗುಳುತ್ತ ಓಡುವ ಸ್ನೋಮೊಬೈಲುಗಳ ಬಗ್ಗೆ ನನಗೆ ಯಾವ ಸಹಾನುಭೂತಿಯೂ ಹುಟ್ಟಲಿಲ್ಲ.

ಗೊಂಡೋಲದ ಟಿಕೆಟನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿದ್ದೆವು. ಈ ಕೇಬಲ್ ಕಾರ್ ವ್ಯವಸ್ಥೆಯನ್ನು ರೂಪಿಸಿದ್ದು ಫ್ರಾನ್ಸಿನ ಪೋಮಾ ಕಂಪನಿ; ನಡೆಸುತ್ತಿರುವುದು ಜಮ್ಮು ಮತ್ತು ಕಾಶ್ಮೀರದ ಕೇಬಲ್ ಕಾರ್ ನಿಗಮ. ಗುಲ್ಮಾರ್ಗ್‌ನಿಂದ ಕೊಂಗ್‌ಡೋರಿಯವರೆಗಿನ ಮೊದಲ ಹಂತ 1998ರಲ್ಲಿ ಆರಂಭವಾಯಿತು. ಅಲ್ಲಿಂದ ಅಫರ್ವತ್ ಪರ್ವತದ ಭುಜದವರೆಗೆ, ಸುಮಾರು 3,950 ಮೀಟರ್ ಎತ್ತರಕ್ಕೆ ಏರುವ ಎರಡನೆಯ ಹಂತ 2005ರಲ್ಲಿ ತೆರೆಯಿತು. ಆ ದಿನ ನಾವು ಮೊದಲ ಹಂತಕ್ಕಷ್ಟೇ ಹೋದೆವು. ಆರು ಜನ ಕೂರುವ ಪೆಟ್ಟಿಗೆ ಕಾಡಿನ ಮೇಲೆ ಸಾಗುವಾಗ ಕೆಳಗೆ ಗುಜ್ಜರ್ ಕುರಿಗಾಹಿಗಳ ಬೇಸಿಗೆಯ ಗುಡಿಸಲುಗಳು ಮಾಡಿನವರೆಗೆ ಹಿಮದಲ್ಲಿ ಹೂತುಹೋಗಿದ್ದವು. ಕೊಂಗ್‌ಡೋರಿಯಲ್ಲಿ ಮ್ಯಾಗಿ ಮತ್ತು ರಾಜ್ಮಾ ಅನ್ನದ ಅಂಗಡಿಗಳಿವೆ, ಜನಸಂದಣಿ ಇದೆ. ಹೆಚ್ಚು ಹೇಳುವಂಥದ್ದೇನೂ ಇಲ್ಲ.

ಸಂಜೆ ಹುಲ್ಲುಗಾವಲನ್ನು ಸುತ್ತುವ ದಾರಿಯಲ್ಲಿ ನಡೆದೆವು. ಬ್ರಿಟಿಷರ ಕಾಲದ, 1902ರಲ್ಲಿ ಕಟ್ಟಿದ ಸೇಂಟ್ ಮೇರಿ ಚರ್ಚ್ ಒಂದು ದಿಣ್ಣೆಯ ಮೇಲಿದೆ. ಇನ್ನೊಂದು ದಿಣ್ಣೆಯ ಮೇಲೆ 1915ರಲ್ಲಿ ಡೋಗ್ರಾ ರಾಜಮನೆತನದವರು ಕಟ್ಟಿಸಿದ ಶಿವಾಲಯ. 2024ರ ಜೂನ್‌ನಲ್ಲಿ ಬೆಂಕಿ ಬಿದ್ದು ಅದರ ಮರದ ಭಾಗಗಳು ಸುಟ್ಟುಹೋದದ್ದು ನಮ್ಮ ಪತ್ರಿಕೆಗಳಲ್ಲಿಯೂ ಬಂದಿತ್ತು. ಇವೆರಡರ ನಡುವೆ ಬೇಸಿಗೆಯಲ್ಲಿ ಗಾಲ್ಫ್ ಆಡುವ ಮೈದಾನವಿದೆ. ಹದಿನೆಂಟು ಕುಳಿಗಳ ಆ ಮೈದಾನದ ಅಂಚಿನ ಮಂದವಾದ ಇಳಿಜಾರುಗಳೇ ಚಳಿಗಾಲದಲ್ಲಿ ಹೊಸ ಕಲಿಕೆಯವರ ಸ್ಕೀ ಶಾಲೆ.

ಸೋಮವಾರ

ನಮ್ಮ ಶಿಕ್ಷಕರು ತಂಗ್‌ಮಾರ್ಗ್ ಕಡೆಯವರು, ನಲವತ್ತರ ಆಸುಪಾಸಿನವರು. ಮಗಳನ್ನು 'ಬೇಟಾ' ಎಂದೂ ನಮ್ಮಿಬ್ಬರನ್ನು 'ಸಾಬ್', 'ಭಾಭೀಜಿ' ಎಂದೂ ಕರೆಯುತ್ತಿದ್ದ ಅವರು ಮೊದಲು ಕರೆದುಕೊಂಡು ಹೋದದ್ದು ಇಳಿಜಾರಿಗಲ್ಲ, ಬಾಡಿಗೆ ಅಂಗಡಿಗೆ. ಅಲ್ಲಿ ಮುಕ್ಕಾಲು ಗಂಟೆ ಕಳೆಯಿತು, ಆ ಮುಕ್ಕಾಲು ಗಂಟೆ ವ್ಯರ್ಥವಾಗಲಿಲ್ಲ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಅದರೊಳಗೆ ಬೆರಳು ಆಡಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು. ಒಂದೇ ಜೊತೆ ಕಾಲುಚೀಲ ಸಾಕು, ಎರಡು ಹಾಕಿದರೆ ರಕ್ತ ಸಂಚಾರ ಕಡಿಮೆಯಾಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಬೂಟನ್ನು ಸ್ಕೀ ಹಲಗೆಗೆ ಹಿಡಿದಿಡುವ ಬೈಂಡಿಂಗ್ ಎಂಬ ಕೊಂಡಿಯನ್ನು ಪ್ರತಿಯೊಬ್ಬರ ತೂಕ, ಎತ್ತರ ಮತ್ತು ಅನುಭವಕ್ಕೆ ತಕ್ಕಂತೆ ತಿರುಪಿನಿಂದ ಬಿಗಿ ಮಾಡುತ್ತಾರೆ. ಬಿದ್ದಾಗ ಅದು ಬಿಟ್ಟುಕೊಳ್ಳಬೇಕು, ಬಿಟ್ಟುಕೊಳ್ಳದಿದ್ದರೆ ತಿರುಚಿಕೊಳ್ಳುವುದು ಮೊಣಕಾಲು. ಅಂಗಡಿಯವನು ತೂಕ ಕೇಳದೆ ಹಲಗೆ ಕೈಗಿತ್ತರೆ ಅಂಥ ಅಂಗಡಿಯಿಂದ ಹೊರನಡೆಯಿರಿ ಎಂದು ಶಿಕ್ಷಕರು ಅಂಗಡಿಯವನ ಎದುರಿಗೇ ಹೇಳಿದರು. ಆತ ನಕ್ಕು, ನನ್ನ ತೂಕವನ್ನು ಎರಡನೆಯ ಬಾರಿ ಕೇಳಿದ. ಹರಿತವಾದ ಅಂಚುಗಳಿರುವ ಹಲಗೆ ಹೊಸಬರಿಗೆ ಗದ್ದದ ಎತ್ತರಕ್ಕಿದ್ದರೆ ಸಾಕು. ಹಳೆಯ ಹಲಗೆಯ ಅಂಚು ಮೊಂಡಾಗಿದ್ದರೆ ಗಟ್ಟಿ ಹಿಮದ ಮೇಲೆ ಅದು ಕಚ್ಚುವುದೇ ಇಲ್ಲ.

ಬೆಳಗಿನ ಪಾಠವೆಲ್ಲ ಸಮತಟ್ಟಿನ ಮೇಲೆಯೇ ನಡೆಯಿತು. ಒಂದು ಕಾಲಿಗೆ ಮಾತ್ರ ಹಲಗೆ ತೊಟ್ಟು ನಡೆಯುವುದು, ಅಡ್ಡಡ್ಡಲಾಗಿ ಹೆಜ್ಜೆಯಿಟ್ಟು ದಿಣ್ಣೆ ಹತ್ತುವುದು, ಪಕ್ಕಕ್ಕೆ ಬೀಳುವುದು, ಬಿದ್ದ ಮೇಲೆ ಹಲಗೆಗಳನ್ನು ಇಳಿಜಾರಿಗೆ ಅಡ್ಡವಾಗಿಟ್ಟುಕೊಂಡು ಏಳುವುದು. ಏಳುವುದೇ ಕಷ್ಟ, ಹಲಗೆಯ ಮೂತಿ ಕೆಳಮುಖವಾಗಿದ್ದರೆ ಎದ್ದ ಕ್ಷಣವೇ ಅದು ಜಾರಿಕೊಂಡು ಹೊರಡುತ್ತದೆ. ಮಧ್ಯಾಹ್ನದ ನಂತರ ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ ವೇಗ ತಗ್ಗಿಸುವ ವಿಧಾನವನ್ನು ಕಲಿಸಿದರು. ಮಂದ ಇಳಿಜಾರಿನಲ್ಲಿಯೂ ಹೊಸಬರ ಮೈ ಭಯದಿಂದ ತಾನಾಗಿಯೇ ಹಿಂದಕ್ಕೆ ವಾಲುತ್ತದೆ, ಮತ್ತು ಹಿಂದಕ್ಕೆ ವಾಲಿದಷ್ಟೂ ಹಲಗೆಯ ಮುಂಭಾಗ ಹಗುರಾಗಿ ಹಿಡಿತ ತಪ್ಪುತ್ತದೆ. ಆದ್ದರಿಂದ ಮೊಣಕಾಲು ಬಾಗಿಸಿ ಕಣಕಾಲನ್ನು ಬೂಟಿನ ಮುಂಭಾಗಕ್ಕೆ ಒತ್ತಿ ಇಳಿಜಾರಿನ ಕಡೆಗೇ ಬಾಗಬೇಕು. ಬುದ್ಧಿ ಇದನ್ನು ಕೂಡಲೇ ಒಪ್ಪುತ್ತದೆ, ಕಾಲುಗಳು ಒಪ್ಪಲು ಬಹಳ ಹೊತ್ತು ಬೇಕು. ಮಗಳು ಸಂಜೆಯೊಳಗೆ ಬೀಳದೆ ನಿಲ್ಲಲು ಕಲಿತಳು. "ಅಪ್ಪ, ಕಾಲು ನೋಡಬೇಡಿ, ಮುಂದೆ ನೋಡಿ" ಎಂದು ಶಿಕ್ಷಕರ ಮಾತನ್ನೇ ನನಗೆ ಕನ್ನಡದಲ್ಲಿ ಒಪ್ಪಿಸುವ ಅಧಿಕಾರವೂ ಅವಳಿಗೆ ಬಂದಿತ್ತು.

ರಾತ್ರಿಯ ಊಟಕ್ಕೆ ಸಸ್ಯಾಹಾರಿಗಳಾದ ನಮಗೆ ಹಾಕ್ ಸೊಪ್ಪು, ಮೊಸರಿನ ಸಾರಿನಲ್ಲಿ ಬೇಯಿಸಿದ ತಾವರೆಯ ದಂಟು ಮತ್ತು ಬಿಸಿ ಅನ್ನ. ತಾವರೆಯ ದಂಟಿನ ಆ ನದ್ರು ಯಖ್ನಿಯನ್ನು ಅಲ್ಲಿದ್ದಷ್ಟೂ ದಿನ ಕೇಳಿ ಹಾಕಿಸಿಕೊಂಡೆವು.

ಮಂಗಳವಾರ

ನಸುಕಿನಿಂದಲೇ ಹಿಮ ಸುರಿಯುತ್ತಿತ್ತು. ಗೊಂಡೋಲ ನಿಂತಿತ್ತು, ಕೆಳಗಿನ ರಸ್ತೆಯೂ ಮುಚ್ಚಿತ್ತು. ಹಾಗಾಗಿ ಹಗಲಿನ ಪ್ರವಾಸಿಗರ ಸುಳಿವಿರಲಿಲ್ಲ. ಶಿಕ್ಷಕರು ಫೆರನ್ ಎಂಬ ಉದ್ದನೆಯ ನಿಲುವಂಗಿಯೊಳಗೆ ಕೆಂಡ ತುಂಬಿದ ಕಾಂಗ್ಡಿ ಹಿಡಿದುಕೊಂಡು ಹೋಟೆಲಿಗೇ ಬಂದರು, ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ಕುಡಿಯುತ್ತ ಮಧ್ಯಾಹ್ನದವರೆಗೆ ಕುಳಿತರು. ನಾವು ಹವಾಮಾನ ಕೆಟ್ಟಿತೆಂದು ಪೇಚಾಡುತ್ತಿದ್ದರೆ ಅವರ ಮುಖದಲ್ಲಿ ಸಂತೋಷವಿತ್ತು.

ಆ ಸಂತೋಷದ ಹಿನ್ನೆಲೆ ಸಣ್ಣದಲ್ಲ. ಕಾಶ್ಮೀರದ ಚಳಿಗಾಲದ ಮಳೆ ಮತ್ತು ಹಿಮವನ್ನು ತರುವುದು ಮೆಡಿಟರೇನಿಯನ್ ಕಡೆಯಲ್ಲಿ ಹುಟ್ಟಿ ಪೂರ್ವಕ್ಕೆ ಸಾಗಿ ಬರುವ ಪಶ್ಚಿಮದ ವಾಯುಭಾರ ಕುಸಿತಗಳು. ಪೀರ್ ಪಂಜಾಲ್ ಶ್ರೇಣಿಗೆ ತಗುಲಿ ಮೇಲೇರುವ ಆ ಮೋಡಗಳು ಶೀತ ಗಾಳಿಯಲ್ಲಿ ಒಣ, ಹಗುರಾದ ಹಿಮವಾಗಿ ಸುರಿಯುವುದರಿಂದಲೇ ಗುಲ್ಮಾರ್ಗ್‌ಗೆ ಜಗತ್ತಿನ ಸ್ಕೀಯಿಂಗ್ ವಲಯದಲ್ಲಿ ಹೆಸರು ಬಂದಿದೆ. ಡಿಸೆಂಬರ್ 21ರಿಂದ ನಲವತ್ತು ದಿನಗಳ ಚಿಲ್ಲಾಯ್ ಕಲಾನ್ ಅತ್ಯಂತ ಕಠಿಣ ಚಳಿಯ ಅವಧಿ; ಆಗ ಬಿದ್ದ ಹಿಮ ನೆಲದಲ್ಲಿ ನಿಲ್ಲುತ್ತದೆ. ಆದರೆ 2024ರ ಜನವರಿಯಲ್ಲಿ ವಾರಗಟ್ಟಲೆ ಇಲ್ಲಿ ಹಿಮವೇ ಬೀಳದೆ ಹುಲ್ಲುಗಾವಲು ಕಂದು ಬಣ್ಣದಲ್ಲಿ ಬಿದ್ದುಕೊಂಡಿತ್ತು. ಆ ಚಿತ್ರಗಳು ದೇಶದಾದ್ಯಂತ ಹರಿದಾಡಿದವು. ತಿಂಗಳ ಕೊನೆಗೆ ಹಿಮ ಬಂತು, ಅಷ್ಟರಲ್ಲಿ ರದ್ದಾದ ಕೋಣೆಗಳ ಹಣ ಮಾತ್ರ ಮರಳಿ ಬರಲಿಲ್ಲ. ಯುರೋಪಿನ ದೊಡ್ಡ ಸ್ಕೀ ತಾಣಗಳಲ್ಲಿ ಯಂತ್ರಗಳಿಂದ ಕೃತಕ ಹಿಮ ಮಾಡಿ ಇಳಿಜಾರು ತುಂಬುತ್ತಾರೆ. ಗುಲ್ಮಾರ್ಗ್ ನಿಂತಿರುವುದು ಆಕಾಶದ ಹಿಮವನ್ನೇ ನಂಬಿ. ನಮ್ಮ ಶಿಕ್ಷಕರಂಥ ಜನ ಮೋಡವನ್ನು ನೋಡುವ ರೀತಿ, ಜೂನ್ ತಿಂಗಳಲ್ಲಿ ನಮ್ಮ ಬಯಲುಸೀಮೆಯ ರೈತ ಆಕಾಶ ನೋಡುವಂತೆಯೇ ಇರುತ್ತದೆ.

ಮಾತು ಹಳೆಯ ಕಾಲಕ್ಕೂ ಹೊರಳಿತು. ಇಲ್ಲಿ ಸ್ಕೀ ಆರಂಭಿಸಿದ್ದು ಬ್ರಿಟಿಷ್ ಅಧಿಕಾರಿಗಳು. 1927ರಲ್ಲಿ ಅವರು ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿ, ಗೊಂಡೋಲವಿಲ್ಲದ ಆ ದಿನಗಳಲ್ಲಿ ಹಲಗೆ ಹೊತ್ತುಕೊಂಡೇ ಮೇಲಿನ ಖಿಲನ್‌ಮಾರ್ಗ್ ಹುಲ್ಲುಗಾವಲಿಗೆ ಹತ್ತುತ್ತಿದ್ದರು. ಸ್ವಾತಂತ್ರ್ಯದ ನಂತರ ಇಲ್ಲಿ ಸ್ಕೀಯಿಂಗ್ ಉಳಿದದ್ದರಲ್ಲಿ ಕನ್ನಡ ನಾಡಿನವರೊಬ್ಬರ ಪಾಲಿದೆ. ಕೊಡಗಿನ ಕೆ. ಎಸ್. ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ 19ನೆಯ ಪದಾತಿ ಡಿವಿಷನ್ನಿನ ದಂಡನಾಯಕರಾಗಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಕಾರ್ಯಾಚರಣೆ ಅವರದೇ. ಹಿಮದಲ್ಲಿ ಕಾದಾಡಲು ಸೈನಿಕನಿಗೆ ಬೇರೆಯೇ ತರಬೇತಿ ಬೇಕೆಂದು ಕಂಡುಕೊಂಡ ಅವರು ಡಿಸೆಂಬರ್‌ನಲ್ಲಿ ಗುಲ್ಮಾರ್ಗ್‌ನಲ್ಲಿ ಡಿವಿಷನ್ನಿನ ಸ್ಕೀ ಶಾಲೆಯನ್ನು ತೆರೆದರು. ಅದೇ ಬೆಳೆದು ಇಂದಿನ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್, ಅಂದರೆ ಎತ್ತರದ ಪ್ರದೇಶಗಳ ಯುದ್ಧ ತರಬೇತಿ ಶಾಲೆ ಆಗಿದೆ. ನಾಗರಿಕರಿಗಾಗಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯಡಿ 1968ರಲ್ಲಿ ಸ್ಥಾಪನೆಯಾದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಇಲ್ಲಿಯೇ ಇದೆ. ಕ್ರಮಬದ್ಧವಾಗಿ ಕಲಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಖಾಸಗಿ ಶಿಕ್ಷಕರಿಗಿಂತ ಈ ಸಂಸ್ಥೆಯ ಕೋರ್ಸುಗಳೇ ಮೇಲು ಎಂದು ನಮ್ಮ ಶಿಕ್ಷಕರೇ ತಮ್ಮ ಲಾಭಕ್ಕೆ ವಿರುದ್ಧವಾಗಿ ಹೇಳಿದರು.

ಬುಧವಾರ

ಆಕಾಶ ತಿಳಿಯಾಗಿತ್ತು. ಎಂಟು ಗಂಟೆಗೇ ಗೊಂಡೋಲ ನಿಲ್ದಾಣದ ಮುಂದೆ ಅಗಲವಾದ ಹಲಗೆಗಳನ್ನು ಹಿಡಿದ ರಷ್ಯನ್ನರು, ಯುರೋಪಿನವರು, ಆಸ್ಟ್ರೇಲಿಯನ್ನರು ಸಾಲುಗಟ್ಟಿ ನಿಂತಿದ್ದರು. ಅವರ ಕಣ್ಣೆಲ್ಲ ಮೇಲಿನ ಹೊಸ ಹಿಮದ ಮೇಲೆ. ಆದರೆ ಹೊಸ ಹಿಮ ಬಿದ್ದ ಮರುದಿನವೇ ಅಪಾಯ ಹೆಚ್ಚು. ಹಳೆಯ ಹಿಮದ ದುರ್ಬಲ ಪದರದ ಮೇಲೆ ಹೊಸ ಹಿಮದ ಭಾರ ಬಿದ್ದಾಗ, ಅಥವಾ ಗಾಳಿ ಒಂದು ಬದಿಯ ಹಿಮವನ್ನು ಎತ್ತಿ ಇನ್ನೊಂದು ಬದಿಯಲ್ಲಿ ರಾಶಿ ಹಾಕಿದಾಗ, ಒಬ್ಬ ಸ್ಕೀಯರ್‌ನ ತೂಕವೇ ಇಡೀ ಮಗ್ಗುಲನ್ನು ಕಳಚಿಬಿಡಬಲ್ಲದು. ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆಯ ಇಳಿಜಾರುಗಳಲ್ಲಿ ಇದು ಹೆಚ್ಚು. ಅಫರ್ವತ್‌ನಲ್ಲಿ ಅಂಥ ಇಳಿಜಾರುಗಳಿಗೆ ಕೊರತೆಯಿಲ್ಲ. ಸ್ಕೀ ಗಸ್ತುಪಡೆಯವರು ಮೊದಲು ಹೋಗಿ, ಬೇಕಾದ ಕಡೆ ಸಿಡಿಮದ್ದು ಹಾಕಿ ಸಡಿಲ ಹಿಮವನ್ನು ತಾವೇ ಉರುಳಿಸಿದ ಮೇಲೆಯೇ ಎರಡನೆಯ ಹಂತ ತೆರೆಯುತ್ತದೆ. ಗಸ್ತು ಇರುವುದು ಗೊಂಡೋಲದ ಕೆಳಗಿನ ಗೊತ್ತಾದ ಪ್ರದೇಶಕ್ಕೆ ಮಾತ್ರ. ಅದರಾಚೆ ಹೋಗುವವನು ತನ್ನ ಹೊಣೆಯಲ್ಲಿ ಹೋಗಬೇಕು. 2023ರ ಫೆಬ್ರವರಿಯಲ್ಲಿ ಅಫರ್ವತ್‌ನ ಹಾಪತ್‌ಖುಡ್ ಭಾಗದಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬ ಸ್ಕೀಯರ್ ಹಿಮಕುಸಿತದಲ್ಲಿ ಸತ್ತರು.

ಸಾಲಿನಲ್ಲಿದ್ದ ಬಹುತೇಕ ವಿದೇಶಿಯರ ಬೆನ್ನುಚೀಲದಲ್ಲಿ ಮಡಚುವ ಸಲಿಕೆ, ಉದ್ದ ಮಾಡಬಹುದಾದ ಶೋಧಕ ಕೋಲು ಇದ್ದವು, ಎದೆಗೆ ಸಂಕೇತ ಯಂತ್ರ ಕಟ್ಟಿಕೊಂಡಿದ್ದರು. ಹೂತುಹೋದವನ ಯಂತ್ರದ ಸಂಕೇತ ಹಿಡಿದು ಜೊತೆಗಾರರೇ ಅಗೆದು ತೆಗೆಯಬೇಕು. ಬದುಕುವ ಸಾಧ್ಯತೆ ಹೆಚ್ಚಾಗಿರುವುದು ಮೊದಲ ಹದಿನೈದು ನಿಮಿಷಗಳಲ್ಲಿ, ಅಷ್ಟರೊಳಗೆ ಹೊರಗಿನ ಸಹಾಯ ಬರುವುದು ಅಪರೂಪ. ಇದನ್ನೆಲ್ಲ ತಿಳಿದ ಮೇಲೆ, ಮೇಲಿನ ನಿಲ್ದಾಣದಲ್ಲಿ ಗಸ್ತಿನ ಹಗ್ಗ ದಾಟಿ ರೀಲ್ಸ್ ಮಾಡಲು ಹೋಗುತ್ತಿದ್ದ ನಮ್ಮ ದೇಶದ ಯುವಕರನ್ನು ಸಿಬ್ಬಂದಿ ಗದರಿದಾಗ ನನಗೆ ಅದು ಒರಟುತನವೆಂದು ಅನಿಸಲಿಲ್ಲ.

ನಾವು ಹಲಗೆಗಳಿಲ್ಲದೆ, ನೋಡುವವರಾಗಿಯಷ್ಟೇ ಎರಡನೆಯ ಹಂತಕ್ಕೆ ಹೋದೆವು. ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತ ಎತ್ತರದ ಆ ಜಾಗದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೆಯ ಎರಡು ಭಾಗಕ್ಕಿಂತ ಕಡಿಮೆ. ಪತ್ನಿಗೆ ತಲೆನೋವು ಶುರುವಾದ್ದರಿಂದ ಹೆಚ್ಚು ಹೊತ್ತು ನಿಲ್ಲಲಿಲ್ಲ. ಎತ್ತರದ ತಲೆನೋವಿಗೆ ಇಳಿಯುವುದೇ ಮದ್ದು. ನಿಂತಷ್ಟು ಹೊತ್ತು ಉತ್ತರದಲ್ಲಿ, ಗಡಿ ನಿಯಂತ್ರಣ ರೇಖೆಯ ಆಚೆ, 8,126 ಮೀಟರ್ ಎತ್ತರದ ನಂಗಾ ಪರ್ಬತ್ ಉಳಿದೆಲ್ಲ ಶಿಖರಗಳಿಂದ ಬೇರೆಯಾಗಿ ಒಂದೇ ದೊಡ್ಡ ಬಿಳಿಯ ಗೋಡೆಯಾಗಿ ಕಾಣುತ್ತಿತ್ತು. ಎದುರಿಗೇ ಸ್ಕೀಯರ್‌ಗಳು ಒಬ್ಬೊಬ್ಬರಾಗಿ, ಮುಂದಿನವನು ಸುರಕ್ಷಿತ ಜಾಗ ತಲುಪುವವರೆಗೆ ಕಾದು, ಮೊಣಕಾಲುದ್ದದ ಪುಡಿಹಿಮದಲ್ಲಿ ಇಳಿದು ಮರೆಯಾಗುತ್ತಿದ್ದರು.

ಗುರುವಾರ

ಮತ್ತೆ ನಮ್ಮ ಸಣ್ಣ ಇಳಿಜಾರು. ಹಗ್ಗ ಹಿಡಿದು ಮೇಲೆ ಎಳೆಸಿಕೊಳ್ಳುವ ಲಿಫ್ಟ್ ಬಳಸಲು ಶಿಕ್ಷಕರು ಅನುಮತಿ ಕೊಟ್ಟರು. ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದರೆ ಹಲಗೆಗಳು ತಾವೇ ತಿರುಗುತ್ತವೆ. ಬಲಕ್ಕೆ ತಿರುಗಲು ಎಡಗಾಲನ್ನು ಒತ್ತಬೇಕು ಎಂಬುದು ಮೈಗೆ ಹತ್ತಿದ ಮೇಲೆ ಇಳಿಜಾರು ಹೆದರಿಸುವುದನ್ನು ನಿಲ್ಲಿಸಿತು. ಪಕ್ಕದಲ್ಲಿ ಏಳೆಂಟು ವರ್ಷದ ಸ್ಥಳೀಯ ಹುಡುಗರು ಕೋಲುಗಳೂ ಇಲ್ಲದೆ ನೇರವಾಗಿ ಇಳಿದುಬರುತ್ತಿದ್ದರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಏಕೈಕ ಕ್ರೀಡಾಪಟು ಆರಿಫ್ ಖಾನ್ ಇದೇ ಇಳಿಜಾರುಗಳಲ್ಲಿ ಬೆಳೆದವರು. ನೆಟ್ಟ ಕಂಬಗಳ ನಡುವೆ ತಿರುಗುತ್ತ ಇಳಿಯುವ ಜೈಂಟ್ ಸ್ಲಾಲಮ್ ಪಂದ್ಯದಲ್ಲಿ ಅವರು 45ನೆಯ ಸ್ಥಾನ ಪಡೆದರು. ಸ್ಥಾನಕ್ಕಿಂತ ಆ ಓಟವನ್ನು ಪೂರೈಸಿದ್ದೇ ಇಲ್ಲಿಯ ಹುಡುಗರಿಗೆ ದೊಡ್ಡ ವಿಷಯ. 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಗುಲ್ಮಾರ್ಗ್‌ನಲ್ಲಿ ನಡೆಯತೊಡಗಿದ್ದು, ಅದರಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಸಮತಟ್ಟಿನ ದೂರ ಓಟವಾದ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಪದಕ ತಂದಿದ್ದಾರೆ. ಇದನ್ನು ಶಿಕ್ಷಕರಿಗೆ ಹೇಳಿದಾಗ ಅವರಿಗೆ ಮೊದಲೇ ಗೊತ್ತಿತ್ತು. ಹಿಮವಿಲ್ಲದ ಊರಿನ ಹೆಣ್ಣುಮಗಳು ಹೇಗೆ ತಯಾರಾಗುತ್ತಾಳೆ ಎಂದು ಅವರೇ ನನ್ನನ್ನು ಕೇಳಿದರು. ಚಕ್ರ ಕಟ್ಟಿದ ಹಲಗೆಗಳ ಮೇಲೆ ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುವ ರೋಲರ್ ಸ್ಕೀಯಿಂಗ್ ಈ ಪಂದ್ಯದವರಿಗೆಲ್ಲ ರೂಢಿಯೆಂಬುದನ್ನು ಮಗಳು ವಿವರಿಸಿದಳು.

ಶುಕ್ರವಾರ

ಹಗಲು ಬಿಸಿಲಿದ್ದರೆ ಮೇಲಿನ ಹಿಮ ಕರಗಿ, ರಾತ್ರಿ ಮತ್ತೆ ಗಡುಸಾಗುತ್ತದೆ. ಬೆಳಿಗ್ಗೆ ಒಂಬತ್ತರ ಇಳಿಜಾರು ಗಾಜಿನಂತೆ ಜಾರಿದರೆ, ಹನ್ನೊಂದಕ್ಕೆ ಮೆದುವಾಗಿ ಹಿತವಾಗಿರುತ್ತದೆ, ಎರಡಕ್ಕೆ ಒದ್ದೆಯಾಗಿ ಹಲಗೆಯನ್ನು ಹಿಡಿದು ನಿಲ್ಲಿಸುತ್ತದೆ. ಫೆಬ್ರವರಿಯ ಕೊನೆಗೆ ಹೋಗುವ ಹೊಸಬರು ಈ ನಡುವಿನ ಹೊತ್ತನ್ನೇ ಆರಿಸಿಕೊಳ್ಳಬೇಕು. ನಾವೂ ಅದನ್ನೇ ಮಾಡಿ, ಮಧ್ಯಾಹ್ನದ ಹೊತ್ತಿಗೆ ಬೂಟು ಹಲಗೆಗಳನ್ನು ಅಂಗಡಿಗೆ ಒಪ್ಪಿಸಿದೆವು. ಅಂಗಡಿಯವನು ಪ್ರತಿ ಹಲಗೆಯ ತಳವನ್ನು ಸವರಿ ಗೀರುಗಳನ್ನು ನೋಡಿದ ಮೇಲೆಯೇ ಠೇವಣಿ ಮರಳಿಸಿದ. ಶಿಕ್ಷಕರಿಗೆ ದಿನದ ಲೆಕ್ಕದ ಹಣ ಕೊಟ್ಟಾಗ, ಹಿಮ ಸುರಿದು ಪಾಠ ನಡೆಯದ ಮಂಗಳವಾರದ್ದನ್ನು ಅವರು ತೆಗೆದುಕೊಳ್ಳಲಿಲ್ಲ. ಆ ದಿನ ಅವರಿಂದ ಕಲಿತದ್ದೇ ಹೆಚ್ಚೆಂದು ನಾವು ವಾದಿಸಿದರೂ ಒಪ್ಪದೆ, ಸೂಮೊಗೆ ಸಾಮಾನು ಏರಿಸಿ, ಮುಂದಿನ ಸಲ ಬರುವುದಾದರೆ ಜನವರಿಯ ಮಧ್ಯದ ನಂತರ, ವಾರದ ದಿನಗಳಲ್ಲಿ ಬನ್ನಿ, ಹೊರಡುವ ಮುನ್ನ ಹಿಮ ಎಷ್ಟಿದೆಯೆಂದು ಫೋನು ಮಾಡಿ ಕೇಳಿ ಎಂದಷ್ಟೇ ಹೇಳಿ, ಇನ್ನೊಂದು ಸೂಮೊದಿಂದ ಇಳಿಯುತ್ತಿದ್ದ ಹೊಸ ಪ್ರವಾಸಿಗರ ಕಡೆಗೆ ನಡೆದರು.